ಮಗು ಒಂದು ಸಾಲು, ತಾಯಿ ಒಂದು ಸಾಲು ಆಗದಿರಲು

ಓದುಗರ ಪ್ರಶ್ನೆ, ನಮ್ಮ ಉತ್ತರ

ಮಕ್ಕಳನ್ನು ಕರೆದುಕೊಂಡು ವಿಮಾನದಲ್ಲಿ ಹೋಗುವ ಬಗ್ಗೆ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಒಂದೇ ಆತಂಕ ಮತ್ತೆ ಮತ್ತೆ ಕಾಣುತ್ತದೆ: ಟಿಕೆಟ್ ಕೈಯಲ್ಲಿದೆ, ಸೀಟು ಯಾವುದೆಂದು ಗೊತ್ತಿಲ್ಲ. ಈ ಸಂಚಿಕೆಯಲ್ಲಿ ಆ ಪತ್ರಗಳನ್ನೇ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಹೈದರಾಬಾದಿನಿಂದ ದೆಹಲಿಗೆ ನಾವು ನಾಲ್ವರು ಹೋದೆವು. ಮಕ್ಕಳಿಗೆ ನಾಲ್ಕು ಮತ್ತು ಎಂಟು ವರ್ಷ. ಸೀಟಿಗೆಂದು ಬೇರೆ ಹಣ ಕೊಟ್ಟಿರಲಿಲ್ಲ. ನಾಲ್ವರಿಗೂ ನಾಲ್ಕು ಸಾಲು ಬಂತು. ಸಣ್ಣವಳಿಗೆ 23ನೇ ಸಾಲು, ನನಗೆ 7. ಕೈಮುಗಿದು ಕೇಳಿಕೊಂಡ ಮೇಲೆ ಯಾರೋ ಪುಣ್ಯಾತ್ಮರು ಎದ್ದು ಜಾಗ ಕೊಟ್ಟರು. ಹಣ ಕೊಡದಿದ್ದರೆ ಹೀಗೇ ಆಗುತ್ತದೆಯೇ?
— ಇಬ್ಬರು ಮಕ್ಕಳ ತಾಯಿ, ಸಿಂಧನೂರು

ಉತ್ತರ: ಹೀಗೆ ಆಗಬಾರದು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, 2024ರ ಏಪ್ರಿಲ್‌ನಲ್ಲಿ ವಿಮಾನ ಕಂಪನಿಗಳಿಗೆ ಸೂಚನೆ ಕೊಟ್ಟಿದೆ: 12 ವರ್ಷದವರೆಗಿನ ಮಕ್ಕಳಿಗೆ, ಅದೇ ಪಿಎನ್‌ಆರ್‌ನಲ್ಲಿ (ಅಂದರೆ ಅದೇ ಬುಕಿಂಗ್ ಸಂಖ್ಯೆಯಲ್ಲಿ) ಪ್ರಯಾಣಿಸುವ ತಂದೆ, ತಾಯಿ ಅಥವಾ ಪಾಲಕರಲ್ಲಿ ಕನಿಷ್ಠ ಒಬ್ಬರ ಜೊತೆ ಸೀಟು ಕೊಡಬೇಕು, ಹಾಗೆ ಕೊಟ್ಟಿದ್ದಕ್ಕೆ ದಾಖಲೆಯನ್ನೂ ಇಡಬೇಕು. ಈ ಮಾತಿನಲ್ಲಿ ಎರಡು ಅಂಶಗಳನ್ನು ಬಿಡಿಸಿ ನೋಡಿ. ಒಂದು, ‘ಕನಿಷ್ಠ ಒಬ್ಬರ ಜೊತೆ’. ಇಡೀ ಕುಟುಂಬ ಒಂದೇ ಸಾಲಿನಲ್ಲಿ ಕೂರುವ ಹಕ್ಕು ಇದರಿಂದ ಬರುವುದಿಲ್ಲ. ಇನ್ನೊಂದು, ‘ಅದೇ ಪಿಎನ್‌ಆರ್‌’. ಮಕ್ಕಳ ಟಿಕೆಟ್ಟು ಬೇರೆ, ತಾಯಿಯ ಟಿಕೆಟ್ಟು ಬೇರೆ ಇದ್ದರೆ ಇವರಿಬ್ಬರು ತಾಯಿ ಮಕ್ಕಳು ಎಂದು ಕಂಪ್ಯೂಟರಿಗೆ ಗೊತ್ತಾಗುವ ದಾರಿಯೇ ಇಲ್ಲ.

ನಿಯಮ ಇದ್ದೂ ಮಕ್ಕಳು ಬೇರೆಯಾಗುವುದೇಕೆ? ಕಡಿಮೆ ದರದ ವಿಮಾನಗಳಲ್ಲಿ ಸೀಟನ್ನು ಟಿಕೆಟ್ಟಿನಿಂದ ಬೇರ್ಪಡಿಸಿ ಮಾರುತ್ತಾರೆ. ಕಿಟಕಿ ಪಕ್ಕದ್ದು, ನಡುದಾರಿ ಪಕ್ಕದ್ದು ಮೊದಲು ಖರ್ಚಾಗುತ್ತವೆ. ಉಳಿಯುವುದು ಅಲ್ಲೊಂದು ಇಲ್ಲೊಂದು ನಡುವಿನ ಸೀಟು. ಹಣ ಕೊಡದವರು ಚೆಕ್-ಇನ್ ಮಾಡುವಾಗ ಯಂತ್ರ ಆ ಉಳಿದವುಗಳನ್ನೇ ಹಂಚುತ್ತದೆ. ತಡಮಾಡಿದಷ್ಟೂ ಸೀಟುಗಳು ಹೆಚ್ಚು ಚದುರಿರುತ್ತವೆ.

ಇದರ ಜೊತೆಗೆ ಟಿಕೆಟ್ ಮಾಡಿಸುವಾಗಲೇ ಆಗುವ ಒಂದು ತಪ್ಪಿದೆ. ಅದನ್ನು ಬಹಳ ಜನ ಗಮನಿಸುವುದಿಲ್ಲ. ಎರಡು ವರ್ಷ ದಾಟಿದ ಮಗುವಿಗೂ ಅನೇಕ ಕಂಪನಿಗಳಲ್ಲಿ ದೊಡ್ಡವರಷ್ಟೇ ದರ. ಹೇಗೂ ಹಣ ಒಂದೇ ಅಂತ ಊರಿನ ಏಜೆಂಟರು, ಕೆಲವೊಮ್ಮೆ ಮನೆಯವರೇ, ನಾಲ್ವರನ್ನೂ ‘ಅಡಲ್ಟ್’ ಎಂದು ನಮೂದಿಸಿಬಿಡುತ್ತಾರೆ. ಅಲ್ಲಿಗೆ ನಿಮ್ಮ ನಾಲ್ಕು ವರ್ಷದವಳು ದಾಖಲೆಯಲ್ಲಿ ದೊಡ್ಡ ಹೆಂಗಸು. ಅವಳನ್ನು 23ನೇ ಸಾಲಿಗೆ ಕಳಿಸಿದರೆ ಯಂತ್ರದ ಲೆಕ್ಕದಲ್ಲಿ ತಪ್ಪೇನೂ ಇಲ್ಲ. ಟಿಕೆಟ್ ಬಂದ ಕೂಡಲೇ ಮಗುವಿನ ಹೆಸರಿನ ಮುಂದೆ ‘ಚೈಲ್ಡ್’ ಎಂದಿದೆಯೇ, ಹುಟ್ಟಿದ ದಿನಾಂಕ ಸರಿಯಿದೆಯೇ ನೋಡಿ. ಇಲ್ಲದಿದ್ದರೆ ಅದೇ ದಿನ ಏಜೆಂಟರಿಗೋ ಕಂಪನಿಯ ಸಹಾಯವಾಣಿಗೋ ಹೇಳಿ ತಿದ್ದಿಸಿ. ಪ್ರಯಾಣದ ದಿನ ಇದನ್ನು ತಿದ್ದಿಸುವುದು ಬಹಳ ಕಷ್ಟ.

ವೆಬ್ ಚೆಕ್-ಇನ್ ದೇಶದೊಳಗಿನ ಹಾರಾಟಕ್ಕೆ ಸಾಮಾನ್ಯವಾಗಿ 48 ಗಂಟೆ ಮೊದಲು ತೆರೆಯುತ್ತದೆ. ಶನಿವಾರ ಬೆಳಿಗ್ಗೆ 10ಕ್ಕೆ ವಿಮಾನವಿದ್ದರೆ ಗುರುವಾರ ಬೆಳಿಗ್ಗೆ 10ಕ್ಕೇ ಫೋನು ಹಿಡಿದು ಕೂರಿ. ನಾಲ್ವರನ್ನೂ ಒಟ್ಟಿಗೆ ಆರಿಸಿ ಮುಗಿಸಿ, ಒಬ್ಬೊಬ್ಬರದಾಗಿ ಮಾಡಬೇಡಿ. ಬಂದ ಸೀಟುಗಳಲ್ಲಿ ಮಗು ಬೇರೆಯಾಗಿದ್ದರೆ ಕೂಡಲೇ ಸಹಾಯವಾಣಿಗೆ ಕರೆ ಮಾಡಿ ಹೀಗೆ ಹೇಳಿ: “ಈ ಪಿಎನ್‌ಆರ್‌ನಲ್ಲಿ ನಾಲ್ಕು ವರ್ಷದ ಮಗು ಇದೆ, ಡಿಜಿಸಿಎ ಸೂಚನೆಯಂತೆ ಪಾಲಕರ ಪಕ್ಕ ಸೀಟು ಕೊಡಿ.” ಕೂಗಾಡುವ ಅಗತ್ಯ ಬೀಳುವುದಿಲ್ಲ. ಆಗಲೂ ಆಗದಿದ್ದರೆ ನಿಲ್ದಾಣಕ್ಕೆ ಎರಡೂವರೆ ಗಂಟೆ ಮೊದಲು ಹೋಗಿ ಕೌಂಟರಿನಲ್ಲಿ ಕೇಳಿ. ಕೌಂಟರಿನವರಿಗೆ ತಡೆಹಿಡಿದ ಸೀಟುಗಳೂ ಕಾಣುತ್ತವೆ. ನಿಮ್ಮ ಫೋನಿನಲ್ಲಿ ಕಾಣುವ ನಕ್ಷೆಯಲ್ಲಿ ಅವು ಇರುವುದಿಲ್ಲ. ಅಲ್ಲಿಯೂ ಆಗದಿದ್ದರೆ ಗೇಟಿನಲ್ಲಿ, ಹತ್ತಲು ಕರೆಯುವ ಮೊದಲೇ ಹೇಳಬೇಕು. ವಿಮಾನದ ಒಳಗೆ ಕೇಳುವುದು ಕೊನೆಯ ದಾರಿ, ಮೊದಲನೆಯದಲ್ಲ.

ಒಳಗೇ ಕೇಳಬೇಕಾಗಿ ಬಂದರೆ ಗಗನಸಖಿಯ ಮೂಲಕ ಕೇಳಿ. ಎದುರಿನವರಿಗೆ ಸಮ ಬೆಲೆಯ ಜಾಗ ಕೊಡಿ. ಅವರದು ನಡುದಾರಿ ಪಕ್ಕದ ಸೀಟಾದರೆ ನಿಮ್ಮದೂ ನಡುದಾರಿ ಪಕ್ಕದ್ದೇ ಇರಬೇಕು. ಹಣ ಕೊಟ್ಟು ಕಿಟಕಿ ಹಿಡಿದವರನ್ನು ಹಿಂದಿನ ಸಾಲಿನ ನಡುವಿನ ಸೀಟಿಗೆ ಕಳಿಸುವುದು ನ್ಯಾಯವಲ್ಲ. ಅವರು ಒಲ್ಲೆ ಅಂದರೆ ಅದು ಅವರ ತಪ್ಪೂ ಅಲ್ಲ. ಅವರಿಗೆ ಹೇಳದೆ ಮೊದಲೇ ಹೋಗಿ ಅವರ ಸೀಟಿನಲ್ಲಿ ಮಗುವನ್ನು ಕೂರಿಸಿಬಿಡುವ ಅಭ್ಯಾಸವಂತೂ ಬೇಡವೇ ಬೇಡ.

ಹಣ ಕೊಡುವುದೇ ಆದರೆ ಪೂರ್ತಿ ಕೊಡಬೇಕಾಗಿಲ್ಲ. ನಿಮ್ಮಂಥ ಕುಟುಂಬಕ್ಕೆ ಮೂರು ಸೀಟಿಗೆ ಕೊಟ್ಟರೆ ಸಾಕು. ವಿಮಾನದ ಹಿಂದಿನ ಅರ್ಧದಲ್ಲಿ ಎ, ಬಿ, ಸಿ ಒಂದೇ ಸಾಲು ಹಿಡಿಯಿರಿ: ದೊಡ್ಡ ಮಗು ಕಿಟಕಿಗೆ, ಸಣ್ಣದು ನಡುವೆ, ತಾಯಿ ನಡುದಾರಿಗೆ. ತಂದೆ ಎಲ್ಲಿ ಸಿಕ್ಕರೆ ಅಲ್ಲಿ. ನಡುದಾರಿ ಪಕ್ಕ ಸಣ್ಣ ಮಗುವನ್ನು ಕೂರಿಸಬೇಡಿ. ಬಿಸಿ ನೀರು, ಚಹಾ ಹೊತ್ತ ಗಾಡಿ ಅಲ್ಲಿಯೇ ಹಾಯುತ್ತದೆ, ಚಾಚಿದ ಕೈಕಾಲಿಗೆ ತಾಗುತ್ತದೆ.

ಬೋರ್ಡಿಂಗ್ ಪಾಸುಗಳ ಫೋಟೊ ಇಟ್ಟುಕೊಂಡಿದ್ದರೆ ಮೊದಲು ಕಂಪನಿಗೆ ಬರೆದು ದೂರು ಕೊಡಿ. ಉತ್ತರ ಬಾರದಿದ್ದರೆ ನಾಗರಿಕ ವಿಮಾನಯಾನ ಸಚಿವಾಲಯದ ‘ಏರ್‌ಸೇವಾ’ ಆ್ಯಪ್‌ನಲ್ಲಿ ಹಾಕಿ.

ಪ್ರಶ್ನೆ: ಅಮೆರಿಕದ ಡಲ್ಲಾಸ್‌ನಲ್ಲಿ ಅಕ್ಕ ಇದ್ದಾಳೆ. ಅಲ್ಲಿಂದ ಹ್ಯೂಸ್ಟನ್‌ಗೆ ಹೋಗುವ ವಿಮಾನದಲ್ಲಿ ಸೀಟು ನಂಬರೇ ಇರುವುದಿಲ್ಲ, ಬಸ್ಸಿನ ಹಾಗೆ ಓಡಿ ಹಿಡಿಯಬೇಕು ಎಂದು ಅಲ್ಲಿ ಹೋಗಿಬಂದ ಪರಿಚಯದವರು ಹೆದರಿಸಿದ್ದಾರೆ. ಮಗನಿಗೆ ಐದು ವರ್ಷ.
— ಓದುಗರು, ಬಳ್ಳಾರಿ

ಉತ್ತರ: ಅವರು ಹೇಳಿದ್ದು ಸೌತ್‌ವೆಸ್ಟ್ ಏರ್‌ಲೈನ್ಸ್ ಬಗ್ಗೆ ಇರಬೇಕು. ಮಾತು ನಿಜವೇ, ಆದರೆ ಹಳೆಯದು. 1971ರಲ್ಲಿ ಹಾರಾಟ ಶುರುಮಾಡಿದಾಗಿನಿಂದ ಆ ಕಂಪನಿ ಸೀಟು ಸಂಖ್ಯೆ ಕೊಡುತ್ತಿರಲಿಲ್ಲ. ಎ, ಬಿ, ಸಿ ಎಂಬ ಗುಂಪು, ಗುಂಪಿನೊಳಗೆ 1ರಿಂದ 60ರವರೆಗೆ ಸರದಿ ಸಂಖ್ಯೆ. ಆ ಸರದಿಯಲ್ಲಿ ಹತ್ತಿ ಖಾಲಿ ಇದ್ದಲ್ಲಿ ಕೂರುವುದು. 24 ಗಂಟೆ ಮೊದಲು ಚೆಕ್-ಇನ್ ತೆರೆದ ಕ್ಷಣದಲ್ಲೇ ಮಾಡಿದವರಿಗೆ ಒಳ್ಳೆಯ ಸರದಿ. ಆರು ವರ್ಷ ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನ ಮಕ್ಕಳಿದ್ದವರನ್ನು ಎ ಗುಂಪು ಮುಗಿದ ಮೇಲೆ, ಬಿ ಗುಂಪಿಗೆ ಮೊದಲು ಕರೆಯುತ್ತಿದ್ದರು. ಹೀಗಾಗಿ ಸಣ್ಣ ಮಕ್ಕಳಿದ್ದವರಿಗೆ ಅದು ಕಷ್ಟವೇನೂ ಇರಲಿಲ್ಲ. ಏಳೆಂಟು ವರ್ಷದ ಮಕ್ಕಳಿದ್ದು ಸಿ ಗುಂಪು ಬಂದವರು ಮಾತ್ರ ಪರದಾಡುತ್ತಿದ್ದರು.

2026ರ ಜನವರಿ 27ರಿಂದ ಆ ಪದ್ಧತಿ ನಿಂತಿದೆ. ಈಗ ಅಲ್ಲಿಯೂ ಸೀಟು ಸಂಖ್ಯೆ ಇದೆ. ಅತಿ ಕಡಿಮೆ ದರದ ಟಿಕೆಟ್ಟಿಗೆ ಸೀಟು ಚೆಕ್-ಇನ್ ಮಾಡುವಾಗ ತಾನಾಗಿ ಬರುತ್ತದೆ, ಅದರ ಮೇಲಿನ ದರಕ್ಕೆ ಮೊದಲೇ ಆರಿಸಿಕೊಳ್ಳಬಹುದು. ಅಂದರೆ ಸಿಂಧನೂರಿನ ತಾಯಿಗೆ ಬಂದ ತೊಂದರೆ ಈಗ ಡಲ್ಲಾಸ್‌ನಲ್ಲೂ ಬರಬಹುದು, ಮದ್ದೂ ಅದೇ: ಒಂದೇ ಬುಕಿಂಗ್, ಸರಿಯಾದ ವಯಸ್ಸು, ಬೇಗ ಚೆಕ್-ಇನ್. ಬೇರೆ ಕಂಪನಿಯ ವಿಮಾನ ನೋಡುವುದಾದರೆ, ಮಕ್ಕಳನ್ನು ಹಣವಿಲ್ಲದೆ ಪಾಲಕರ ಪಕ್ಕ ಕೂರಿಸುವ ಭರವಸೆ ಯಾವ ಯಾವ ಕಂಪನಿ ಕೊಟ್ಟಿದೆ ಎಂಬ ಪಟ್ಟಿಯನ್ನು ಅಲ್ಲಿನ ಸಾರಿಗೆ ಇಲಾಖೆ 2023ರಿಂದ ತನ್ನ ಜಾಲತಾಣದಲ್ಲಿ ಇಟ್ಟಿದೆ. ಟಿಕೆಟ್ಟಿಗೆ ಮುಂಚೆ ಅಕ್ಕನಿಗೆ ಅದನ್ನು ನೋಡಲು ಹೇಳಿ.

ಸೀಟಿಗಿಂತ ದೊಡ್ಡ ತೊಡಕು ಇನ್ನೊಂದಿದೆ. ಹೊರದೇಶದಿಂದ ನೀವು ಇಳಿಯುವುದು ಡಲ್ಲಾಸ್–ಫೋರ್ಟ್‌ವರ್ತ್ ನಿಲ್ದಾಣದಲ್ಲಿ. ಸೌತ್‌ವೆಸ್ಟ್ ಹಾರುವುದು ಲವ್ ಫೀಲ್ಡ್ ಎಂಬ ಬೇರೆ ನಿಲ್ದಾಣದಿಂದ. ಇಳಿದ ದಿನವೇ ಹ್ಯೂಸ್ಟನ್‌ಗೆ ಟಿಕೆಟ್ ಮಾಡಿಸಿದರೆ ಇಮಿಗ್ರೇಷನ್, ಸಾಮಾನು, ಕಸ್ಟಮ್ಸ್ ಮುಗಿಸಿ ಕಾರಿನಲ್ಲಿ ಊರು ದಾಟಬೇಕು. ನಿದ್ದೆಗೆಟ್ಟ ಐದು ವರ್ಷದವನ ಜೊತೆ ಅದು ಬೇಡ. ಒಂದು ರಾತ್ರಿ ಅಕ್ಕನ ಮನೆಯಲ್ಲಿ ಮಲಗಿ ಹೊರಡಿ.

ಪ್ರಶ್ನೆ: ಸಣ್ಣ ವಿಮಾನ. ಬೋರ್ಡಿಂಗ್ ಪಾಸಿನಲ್ಲಿ ನಂಬರ್ ಇತ್ತು. ಹತ್ತುವ ಹೊತ್ತಿಗೆ “ವಿಮಾನ ಬದಲಾಗಿದೆ, ಖಾಲಿ ಇದ್ದಲ್ಲಿ ಕೂಡ್ರಿ” ಅಂದರು. ಎರಡು ಮಕ್ಕಳು, ಎರಡು ಬ್ಯಾಗು, ನಾವು ಕೊನೆಗೆ ಹತ್ತಿದೆವು. ಇಂಥ ಹೊತ್ತಿನಲ್ಲಿ ಏನು ಮಾಡಬೇಕಿತ್ತು?
— ತೋರಣಗಲ್ಲು, ಸಂಡೂರು ತಾಲ್ಲೂಕು

ಉತ್ತರ: ನಮ್ಮಲ್ಲಿ ಇದು ಹೊಸದೇನಲ್ಲ. ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರು 2003ರಲ್ಲಿ ಬೆಂಗಳೂರಿನಿಂದ ಶುರುಮಾಡಿದ ಏರ್ ಡೆಕ್ಕನ್‌ನಲ್ಲಿ ಮೊದಲಿಗೆ ಸೀಟು ಸಂಖ್ಯೆಯೇ ಇರಲಿಲ್ಲ. ಹಾಗೆ ಮಾಡಿದರೆ ಜನ ಬೇಗ ಕೂರುತ್ತಾರೆ, ವಿಮಾನ ಬೇಗ ಹೊರಡುತ್ತದೆ. ಈಗ ಅದು ಉಳಿದಿರುವುದು ನೀವು ಹೇಳಿದಂಥ ಸಂದರ್ಭಗಳಲ್ಲಿ ಮಾತ್ರ: ಬದಲಿ ವಿಮಾನದ ಸೀಟುಗಳ ಜೋಡಣೆ ಬೇರೆ ಇರುತ್ತದೆ, ಹೊಸ ಸಂಖ್ಯೆ ಹಂಚಲು ಹೊತ್ತಿರುವುದಿಲ್ಲ.

ಘೋಷಣೆ ಕಿವಿಗೆ ಬಿದ್ದ ಕೂಡಲೇ ಗೇಟಿನ ಸಿಬ್ಬಂದಿಯ ಬಳಿ ಹೋಗಿ, ಸಣ್ಣ ಮಕ್ಕಳಿದ್ದಾರೆ, ಮೊದಲು ಹತ್ತಿಸಿ ಎಂದು ಕೇಳಿ. ಬಹುತೇಕ ಒಪ್ಪುತ್ತಾರೆ. ಮಕ್ಕಳನ್ನು ಶೌಚಾಲಯಕ್ಕೆ ಕರೆದೊಯ್ಯುವುದು, ನೀರಿನ ಬಾಟಲಿ ತುಂಬಿಸುವುದು ಅದಕ್ಕೂ ಮೊದಲೇ ಮುಗಿದಿರಲಿ. ವಿಮಾನದವರೆಗೆ ಬಸ್ಸಿನಲ್ಲಿ ಒಯ್ಯುವುದಾದರೆ ಬಸ್ಸನ್ನು ಮೊದಲು ಹತ್ತಿ ಒಳಗೆ ಹೋಗಬೇಡಿ. ಕೊನೆಗೆ ಹತ್ತಿ ಬಾಗಿಲ ಬಳಿ ನಿಂತವರು ಮೊದಲು ಇಳಿಯುತ್ತಾರೆ.

ಇನ್ನು ಎಲ್ಲಿ ಕೂರಬೇಕು ಎಂಬುದು ವಿಮಾನದ ಮೇಲೆ ನಿಂತಿದೆ. ಎಟಿಆರ್ 72 ಆದರೆ ರೆಕ್ಕೆಯ ಮೇಲೆ ಫ್ಯಾನಿನಂಥ ಪ್ರೊಪೆಲ್ಲರ್ ಕಾಣುತ್ತದೆ, ಜನ ಹತ್ತುವ ಬಾಗಿಲು ಹಿಂದುಗಡೆ ಇರುತ್ತದೆ. ಅದರಲ್ಲಿ ಹಿಂದಿನ ಸಾಲುಗಳೇ ಮಕ್ಕಳಿಗೆ ಒಳ್ಳೆಯವು: ಪ್ರೊಪೆಲ್ಲರ್ ಸದ್ದು ಕಡಿಮೆ, ಶೌಚಾಲಯ ಹತ್ತಿರ, ಇಳಿಯುವಾಗಲೂ ಮೊದಲು. ಆಚೆ ಎರಡು, ಈಚೆ ಎರಡು ಸೀಟು. ನಡುವಿನ ಸೀಟೇ ಇಲ್ಲ. ತಾಯಿ ಒಂದು ಮಗು ಈಚೆ, ತಂದೆ ಒಂದು ಮಗು ಆಚೆ. ಎಂಬ್ರೇಯರ್ 145 ಆದರೆ ಒಂದು ಕಡೆ ಒಂಟಿ ಸೀಟು, ಇನ್ನೊಂದು ಕಡೆ ಜೋಡಿ. ಜೋಡಿ ಸೀಟುಗಳನ್ನೇ ಒಂದರ ಹಿಂದೊಂದು ಎರಡು ಸಾಲು ಹಿಡಿಯಿರಿ. ಆಚೆ ಮೂರು ಈಚೆ ಮೂರು ಇರುವ ಏರ್‌ಬಸ್ 320 ಆದರೆ ನೇರ ಹಿಂದಕ್ಕೆ ನಡೆಯಿರಿ. ಜನ ಮುಂದಿನಿಂದ ತುಂಬುತ್ತಾ ಬರುತ್ತಾರೆ, ಪೂರ್ತಿ ಖಾಲಿ ಸಾಲು ಕೊನೆಯವರೆಗೆ ಉಳಿಯುವುದು ಹಿಂದೆಯೇ. ಆದರೆ ತೀರಾ ಕೊನೆಯ ಸಾಲು ಬೇಡ. ಒರಗು ಹಿಂದಕ್ಕೆ ಬಾಗುವುದಿಲ್ಲ, ಶೌಚಾಲಯಕ್ಕೆ ನಿಂತವರ ಸಾಲು ಅಲ್ಲಿಯೇ.

ಮೊದಲ ಸಾಲು ನೋಡಲು ವಿಶಾಲ. ಆದರೆ ಅಲ್ಲಿ ಮುಂದೆ ಸೀಟಿಲ್ಲವಾದ್ದರಿಂದ ಬ್ಯಾಗು ಕಾಲ ಬಳಿ ಇಡುವಂತಿಲ್ಲ, ಮೇಲೆಯೇ ಹೋಗಬೇಕು. ಡೈಪರ್, ಹಾಲಿನ ಬಾಟಲಿ ಬೇಕಾದಾಗ ಬೆಲ್ಟ್ ದೀಪ ಉರಿಯುತ್ತಿರುತ್ತದೆ, ಏಳುವಂತಿಲ್ಲ. ತುರ್ತು ಬಾಗಿಲಿನ ಸಾಲಿನಲ್ಲಿ ಮಕ್ಕಳನ್ನು ಕೂರಿಸುವುದಿಲ್ಲ. ಕೂತರೂ ಎಬ್ಬಿಸುತ್ತಾರೆ, ಅಷ್ಟರಲ್ಲಿ ಬೇರೆ ಸಾಲು ತುಂಬಿರುತ್ತದೆ. ಒಬ್ಬರು ಮೊದಲು ಓಡಿ ಟವೆಲ್ ಹಾಸಿ ಜಾಗ ಹಿಡಿಯುವ ಬಸ್ಸಿನ ಉಪಾಯ ಇಲ್ಲಿ ಜಗಳಕ್ಕೆ ದಾರಿ. ನಾಲ್ವರೂ ಒಟ್ಟಿಗೆ ಹತ್ತಿ.

ಒಂದು ಎಚ್ಚರಿಕೆ. ಸಣ್ಣ ವಿಮಾನದಲ್ಲಿ ಮುಂದೆ ಎಷ್ಟು ಜನ, ಹಿಂದೆ ಎಷ್ಟು ಜನ ಎಂದು ತೂಕದ ಲೆಕ್ಕ ಹಾಕಿರುತ್ತಾರೆ. ಕೆಲವು ಸಾಲು ಖಾಲಿ ಬಿಡಿ ಎಂದರೆ ಅದು ಆ ಲೆಕ್ಕಕ್ಕಾಗಿ. ಕೂತ ಮೇಲೆ ಸಿಬ್ಬಂದಿಯನ್ನು ಕೇಳದೆ ಜಾಗ ಬದಲಿಸಬೇಡಿ. ಸೀಟಿಗೆಂದು ಮೊದಲೇ ಹಣ ಕೊಟ್ಟಿದ್ದರೆ ಅದನ್ನು ಮರಳಿ ಕೇಳಲು ಮರೆಯಬೇಡಿ.

ಪ್ರಶ್ನೆ: ಮಗುವಿಗೆ 23 ತಿಂಗಳು. ಹೋಗಿ ಬರಲು ಮೂರು ವಾರ. ತೊಡೆಯ ಮೇಲೆ ಕೂರಿಸಿಕೊಂಡರೆ ಸಾಲದೇ? ನಮ್ಮ ನಾದಿನಿಯ ಕೂಸೂ ಜೊತೆಗಿದೆ, ಇಬ್ಬರೂ ಒಂದೇ ಸಾಲಿನಲ್ಲಿ ಕೂರಬಹುದೇ?
— ಕೊಪ್ಪಳ

ಉತ್ತರ: ವಯಸ್ಸನ್ನು ಲೆಕ್ಕ ಹಾಕುವುದು ಹಾರುವ ದಿನಕ್ಕೆ, ಟಿಕೆಟ್ ಮಾಡಿಸಿದ ದಿನಕ್ಕಲ್ಲ. ಬರುವ ಹೊತ್ತಿಗೆ ಎರಡು ತುಂಬಿದ್ದರೆ ಬರುವ ಪ್ರಯಾಣಕ್ಕೆ ಮಗುವಿಗೆ ಸ್ವಂತ ಸೀಟು ಬೇಕೇ ಬೇಕು. ಹೋಗುವುದು ಶಿಶು ಟಿಕೆಟ್, ಬರುವುದು ಮಕ್ಕಳ ಟಿಕೆಟ್ ಎಂದು ಬೇರೆ ಬೇರೆ ಮಾಡಿಸಿ. ಒಬ್ಬ ದೊಡ್ಡವರಿಗೆ ಒಂದೇ ಶಿಶು. ಜನನ ಪ್ರಮಾಣಪತ್ರ, ಆಧಾರ್ ಅಥವಾ ಪಾಸ್‌ಪೋರ್ಟ್, ಯಾವುದಾದರೊಂದು ವಯಸ್ಸಿನ ದಾಖಲೆ ಇರಲಿ. ಅದಿಲ್ಲದಿದ್ದರೆ ಕೌಂಟರಿನಲ್ಲಿ ಪೂರ್ತಿ ದರ ಕೇಳಬಹುದು.

ಎರಡು ಕೂಸು ಒಂದೇ ಸಾಲಿನಲ್ಲಿ ಕೂರಲು ಬಿಡುವುದಿಲ್ಲ. ಅದಕ್ಕೆ ಕಾರಣ ಆಮ್ಲಜನಕದ ಮುಖವಾಡ. ಮೂರು ಸೀಟಿನ ಸಾಲಿನ ಮೇಲೆ ಸಾಮಾನ್ಯವಾಗಿ ನಾಲ್ಕು ಮುಖವಾಡ ಇರುತ್ತವೆ: ಮೂವರಿಗೆ ಮೂರು, ಕೂಸಿಗೊಂದು. ಎರಡನೇ ಕೂಸಿಗೆ ಇರುವುದಿಲ್ಲ. ನಾದಿನಿ ನಡುದಾರಿಯ ಆಚೆ ಬದಿ ಅಥವಾ ಹಿಂದಿನ ಸಾಲಿನಲ್ಲಿ ಕೂರಲಿ.

ಪ್ರಶ್ನೆ: ಮದುವೆಗೆ ಹನ್ನೆರಡು ಜನ ಹೊರಟಿದ್ದೇವೆ, ಅದರಲ್ಲಿ ಮಕ್ಕಳು ಐದು, ಅಜ್ಜಿ ಒಬ್ಬರು. ಎಲ್ಲರನ್ನೂ ಒಂದೇ ಟಿಕೆಟ್ಟಿನಲ್ಲಿ ಸೇರಿಸಲು ಆಗುತ್ತಿಲ್ಲ.
— ಮಾನ್ವಿ, ರಾಯಚೂರು ಜಿಲ್ಲೆ

ಉತ್ತರ: ಬಹುತೇಕ ಜಾಲತಾಣಗಳು ಒಂದು ಪಿಎನ್‌ಆರ್‌ಗೆ ಒಂಬತ್ತು ಜನರನ್ನಷ್ಟೇ ತೆಗೆದುಕೊಳ್ಳುತ್ತವೆ. ಗಂಡಸರದೊಂದು, ಹೆಂಗಸರು ಮಕ್ಕಳದೊಂದು ಎಂದು ಒಡೆಯಬೇಡಿ, ಮನೆಮನೆಯಾಗಿ ಒಡೆಯಿರಿ. ಪ್ರತಿ ಮಗುವಿನ ತಂದೆಯೋ ತಾಯಿಯೋ ಅದೇ ಪಿಎನ್‌ಆರ್‌ನಲ್ಲಿ ಇರಬೇಕು. ಅಜ್ಜಿಯನ್ನು ಅವರನ್ನು ನೋಡಿಕೊಳ್ಳುವವರ ಜೊತೆ ಸೇರಿಸಿ, ಗಾಲಿಕುರ್ಚಿ ಬೇಕಿದ್ದರೆ ಟಿಕೆಟ್ ಮಾಡಿಸುವಾಗಲೇ ಹೇಳಿ. ನಂತರ ಸಹಾಯವಾಣಿಗೆ ಎರಡೂ ಪಿಎನ್‌ಆರ್ ಕೊಟ್ಟು ಒಂದೇ ಕುಟುಂಬವೆಂದು ಟಿಪ್ಪಣಿ ಹಾಕಿಸಿ. ಒಟ್ಟಿಗೆ ಕೂರುವ ಭರವಸೆ ಅದರಿಂದ ಸಿಗುವುದಿಲ್ಲ, ಆದರೆ ವಿಮಾನ ರದ್ದಾಗಿ ಬೇರೆ ವಿಮಾನಕ್ಕೆ ಹಾಕುವಾಗ ಅರ್ಧ ಮನೆ ಇಂದು, ಅರ್ಧ ಮನೆ ನಾಳೆ ಆಗುವುದು ತಪ್ಪಬಹುದು.

ಪ್ರಶ್ನೆ: ಇಳಿಯುವಾಗ ಮಗಳು ಕಿವಿ ಹಿಡಿದು ಅಳುತ್ತಾಳೆ. ಬುತ್ತಿ ಏನು ಒಯ್ಯಬಹುದು? ಬೆಂಗಳೂರು ನಿಲ್ದಾಣಕ್ಕೆ ಎಷ್ಟು ಹೊತ್ತಿಗೆ ಊರು ಬಿಡಬೇಕು?
— ಸಿರುಗುಪ್ಪ

ಉತ್ತರ: ಕಿವಿಯ ಒಳಭಾಗವನ್ನು ಗಂಟಲಿಗೆ ಸೇರಿಸುವ ನಾಳ ಮಕ್ಕಳಲ್ಲಿ ಸಣ್ಣದು. ವಿಮಾನ ಇಳಿಯುವಾಗ ಒಳಗಿನ ಗಾಳಿಯ ಒತ್ತಡ ಏರುತ್ತದೆ, ಆ ನಾಳ ತೆರೆಯದಿದ್ದರೆ ನೋವು. ನುಂಗಿದಾಗ ಅದು ತೆರೆಯುತ್ತದೆ. ಚಕ್ರ ನೆಲ ಮುಟ್ಟುವ ಹೊತ್ತಿಗಲ್ಲ, ಇಳಿಯಲು ಶುರುವಾದಾಗಲೇ, ಅಂದರೆ ಸುಮಾರು 25–30 ನಿಮಿಷ ಮೊದಲೇ ಎಬ್ಬಿಸಿ ಗುಟುಕು ಗುಟುಕಾಗಿ ನೀರು ಕುಡಿಸಿ. ಎದೆಹಾಲು ಕುಡಿಯುವ ಕೂಸಿಗೆ ಆಗ ಹಾಲು ಕೊಡಿ. ಅದಕ್ಕಾಗಿ ಒಂದು ಹೊತ್ತಿನ ಹಾಲನ್ನು ಉಳಿಸಿಕೊಂಡಿರಿ; ಏರುವಾಗಲೇ ಹೊಟ್ಟೆ ತುಂಬಿಸಿದರೆ ಇಳಿಯುವಾಗ ಕುಡಿಯುವುದಿಲ್ಲ. ಜೋರು ನೆಗಡಿ ಅಥವಾ ಕಿವಿಸೋರುವಿಕೆ ಇದ್ದರೆ ಹೊರಡುವ ಮೊದಲು ವೈದ್ಯರಿಗೆ ತೋರಿಸಿ.

ಮಂಡಕ್ಕಿ, ಚಪಾತಿ, ಬಾಳೆಹಣ್ಣು ಒಯ್ಯಬಹುದು. ಕೂಸಿನ ಹಾಲು, ಗಂಜಿ ಪ್ರಯಾಣಕ್ಕೆ ಬೇಕಾದಷ್ಟು ಬಿಡುತ್ತಾರೆ. ತಪಾಸಣೆಯಲ್ಲಿ ಹೊರತೆಗೆದು ತೋರಿಸಿ. ನಾಲ್ಕು ವರ್ಷದೊಳಗಿನವರ ಕೈಗೆ ಇಡಿ ಶೇಂಗಾ ಕೊಡಬೇಡಿ, ವಿಮಾನ ಅಲುಗಿದಾಗ ಗಂಟಲಿಗೆ ಸಿಕ್ಕುತ್ತದೆ. ಮದುವೆಯ ಮಡಿಲಕ್ಕಿಯ ಒಣ ಕೊಬ್ಬರಿಯನ್ನು ಮನೆಯಲ್ಲೇ ಬಿಡಿ. ಎಣ್ಣೆಯ ಅಂಶದಿಂದಾಗಿ ಅದು ಬೆಂಕಿ ಹಿಡಿಯುವ ವಸ್ತು ಎಂದು ತೆಗೆಸುತ್ತಾರೆ.

ದಾರಿಗೆ ಬಳ್ಳಾರಿ, ಅನಂತಪುರ, ಪೆನುಕೊಂಡ, ಬಾಗೇಪಲ್ಲಿ, ಚಿಕ್ಕಬಳ್ಳಾಪುರ ಹಿಡಿಯಿರಿ. ಆ ಹೆದ್ದಾರಿಯಲ್ಲಿ ದೇವನಹಳ್ಳಿಯ ನಿಲ್ದಾಣ ಬೆಂಗಳೂರಿಗಿಂತ ಮೊದಲೇ ಸಿಗುತ್ತದೆ, ಊರೊಳಗಿನ ಸಂಚಾರದಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಬಳ್ಳಾರಿಯಿಂದ ಕಾರಿನಲ್ಲಿ ಐದರಿಂದ ಆರು ಗಂಟೆ, ಸಿರುಗುಪ್ಪದಿಂದ ಬಳ್ಳಾರಿಗೆ ಇನ್ನೊಂದು ಗಂಟೆಗೂ ಹೆಚ್ಚು, ಮಕ್ಕಳಿಗಾಗಿ ಎರಡು ಕಡೆ ನಿಲ್ಲಿಸಲು ಮುಕ್ಕಾಲು ಗಂಟೆ. ದೇಶದೊಳಗಿನ ವಿಮಾನದ ಕೌಂಟರು ಸಾಮಾನ್ಯವಾಗಿ ಹೊರಡುವ 60 ನಿಮಿಷ ಮೊದಲು ಮುಚ್ಚುತ್ತದೆ. ಸಂಜೆ 6ರ ವಿಮಾನಕ್ಕೆ ಬೆಳಿಗ್ಗೆ 7ಕ್ಕೆ ಸಿರುಗುಪ್ಪ ಬಿಡಿ.